ಅವತ್ತು ಬೀಗದಕೈ ಗೊಂಚಲು ತಂದುಕೊಟ್ಟವಳು ನಾನೇ

ಆಗ ನಾನು ಏಳನೇ ಕ್ಲಾಸು. ಬೆಳಗಿನ ಪ್ರಾರ್ಥನೆ ನಡೆಯುತ್ತಿತ್ತು. ನಾಡಗೀತೆ ಅರ್ಧಕ್ಕೆ ಬಂದಿತ್ತು, ಪಕ್ಕದ ಸಾಲಿನ ಹುಡುಗ ಧೊಪ್ಪನೆ ಬಿದ್ದ. ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ. 'ಕಬ್ಬಿಣ ತನ್ನಿ, ಕಬ್ಬಿಣ!' ಅಂತ ಯಾರೋ ಕೂಗಿದರು. ನಾನು ಕ್ಲಾಸ್ ಲೀಡರ್. ಆಫೀಸ್ ರೂಮಿಗೆ ಓಡಿ ಬೀಗದಕೈ ಗೊಂಚಲು ತಂದೆ. ಮೇಷ್ಟ್ರೊಬ್ಬರು ಅವನ ಮುಷ್ಟಿ ಬಿಡಿಸಿ ಅದನ್ನು ತುರುಕಿದರು. ಇನ್ನಿಬ್ಬರು ಕಾಲು ಅದುಮಿ ಹಿಡಿದರು. ಅಡುಗೆಮನೆಯಿಂದ ಸ್ಟೀಲ್ ಚಮಚ ಬಂತು, ಅದು ಹಲ್ಲಿನ ಮಧ್ಯೆ ಹೋಯಿತು. ಸ್ವಲ್ಪ ಹೊತ್ತಿಗೆ ಅವನು ಸುಮ್ಮನಾದ. ಬೀಗದಕೈಯಿಂದಲೇ ಸರಿಹೋಯ್ತು ಅಂತ ನಾವೆಲ್ಲ ನಂಬಿದೆವು. ಆದರೆ ಅವನ ಮುಂದಿನ ಹಲ್ಲು ಮುರಿದಿತ್ತು. ಮಣ್ಣಿನ ಮೇಲೆ ಬಿದ್ದಿದ್ದ ಆ ಬಿಳಿ ಚೂರು ನನಗೆ ಇನ್ನೂ ಮರೆತಿಲ್ಲ.

ಎಷ್ಟೋ ವರ್ಷದ ಮೇಲೆ ತಂಗಿಯ ಮಗುವಿಗೆ ಜ್ವರದಲ್ಲಿ ಫಿಟ್ಸ್ ಬಂತು. ಆಗ ಆಸ್ಪತ್ರೆಯ ನರ್ಸ್ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಬ್ಬಿಣಕ್ಕೂ ಫಿಟ್ಸಿಗೂ ಸಂಬಂಧವೇ ಇಲ್ಲ. ಹೆಚ್ಚಿನ ಸಲ ಅದು ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಬಾಯಿಗೆ ಏನೂ ಹಾಕಬಾರದು, ಕೈಕಾಲು ಅದುಮಬಾರದು. ಸುತ್ತ ಇರುವ ಕಲ್ಲು, ಬೆಂಚು ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಪಕ್ಕಕ್ಕೆ ಮಗ್ಗುಲಾಗಿಸಬೇಕು. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಇಷ್ಟೇ. ಏಳನೇ ಕ್ಲಾಸಿನ ಹುಡುಗಿಗೆ ಇದು ಕಷ್ಟದ ಪಾಠವಾ? ನನಗೆ ಯಾರೂ ಹೇಳಿಕೊಡಲಿಲ್ಲ, ಆ ಮೇಷ್ಟ್ರಿಗೂ ಯಾರೂ ಹೇಳಿರಲಿಲ್ಲ.

ಪ್ರಥಮ ಚಿಕಿತ್ಸೆ ಈಗ ಪುಸ್ತಕದಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದೆ. ಬಿಟ್ಟ ಸ್ಥಳ ತುಂಬಿ ಅಂತ ಪ್ರಶ್ನೆಯೂ ಬರುತ್ತದೆ. ಆದರೆ ಈಜನ್ನು ಓದಿ ಕಲಿಯೋಕಾಗುತ್ತಾ? ಇದೂ ಹಾಗೇ, ಕೈಯಿಂದ ಮಾಡಿ ಕಲಿಯಬೇಕು. ಮತ್ತೆ ಆಯಾ ಊರಿಗೆ ತಕ್ಕಂತೆ ಕಲಿಸಬೇಕು. ಕೊಡಗಿನ ಮಕ್ಕಳಿಗೆ ಗುಡ್ಡದಲ್ಲಿ ಬಿರುಕು ಬಿಟ್ಟರೆ, ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಏನರ್ಥ ಅಂತ ಗೊತ್ತಿರಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ಊರು ಅದು. ನಮ್ಮ ಬಯಲುಸೀಮೆಯ ಮಕ್ಕಳಿಗೆ ಮೊದಲು ಗೊತ್ತಾಗಬೇಕಾದದ್ದು ಕೃಷಿ ಹೊಂಡ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಮೇಲೆ ನಮ್ಮ ಕಡೆ ಹೊಲ ಹೊಲದಲ್ಲೂ ಹೊಂಡ ಆಗಿವೆ. ಬೆಳೆಗೆ ಜೀವ ಅವು, ಬೇಡ ಅನ್ನುತ್ತಿಲ್ಲ. ಆದರೆ ನೀರು ಇಂಗದಿರಲಿ ಅಂತ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಪಾಚಿ ಕಟ್ಟಿದ ಮೇಲೆ ಅದು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಬಿದ್ದವರು ಅಂಚು ಹಿಡಿದು ಮೇಲೆ ಬರೋಕಾಗಲ್ಲ, ಈಜು ಬಂದರೂ ಕಷ್ಟ. ಪೇಪರಿನಲ್ಲಿ ನೋಡಿದ್ದೀರಲ್ಲ, ಒಬ್ಬ ಬಿದ್ದ, ಎಳೆಯೋಕೆ ಹೋದ ಅಣ್ಣನೂ ಹೋದ, ಅವರ ಹಿಂದೆ ತಾಯಿಯೂ. ಆ ಸುದ್ದಿ ಓದಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇಳಿಯಬೇಡ, ಎಸೆ ಅನ್ನುವ ಎರಡು ಮಾತು ಗೊತ್ತಿದ್ದಿದ್ದರೆ! ಹಗ್ಗ ಎಸೆ. ಹಗ್ಗ ಇಲ್ಲವಾ, ಸೀರೆ ಎಸೆ, ಹೊಟ್ಟೆ ಮೇಲೆ ಮಲಗಿಕೊಂಡು ಎಳೆ. ಮುಚ್ಚಳ ಬಿಗಿ ಮಾಡಿದ ಖಾಲಿ ಕ್ಯಾನ್ ಎಸೆ. ಅದನ್ನು ತಬ್ಬಿಕೊಂಡು ತೇಲುತ್ತಿರಲಿ, ಅಷ್ಟರಲ್ಲಿ ಜನ ಕೂಗು.

ಹೊರಗೆ ಎಳೆದ ಮೇಲೂ ನಾವು ತಪ್ಪು ಮಾಡುತ್ತೇವೆ. ಕಾಲು ಹಿಡಿದು ತಲೆಕೆಳಗೆ ತೂಗುತ್ತೇವೆ, ಹೊಟ್ಟೆ ಒತ್ತಿ ನೀರು ಕಕ್ಕಿಸುತ್ತೇವೆ. ಉಸಿರು ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಹೊಟ್ಟೆಯ ನೀರಿಗೆ ಕಾಯುತ್ತಾ ಕೂತರೆ ಇರುವ ನಾಲ್ಕು ನಿಮಿಷವೂ ಹೋಗುತ್ತದೆ.

ಹಾವಿನ ವಿಷಯವೂ ಹಾಗೇ. ನಮ್ಮ ಚಿಕ್ಕಪ್ಪನಿಗೆ ಕೊಳಕುಮಂಡಲ ಕಚ್ಚಿದಾಗ ಟವೆಲ್ಲಿನಿಂದ ಕಾಲನ್ನು ಎಷ್ಟು ಬಿಗಿಯಾಗಿ ಕಟ್ಟಿದ್ದರು ಅಂದರೆ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಪಾದ ನೀಲಿಯಾಗಿತ್ತು. ಹಾಗೆ ಕಟ್ಟಬಾರದು. ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಕಾಲು ಅಲ್ಲಾಡದಂತೆ ನೋಡಿಕೊಂಡು, ನಡೆಸದೆ, ನೇರ ಆಸ್ಪತ್ರೆಗೆ ಒಯ್ಯಬೇಕು. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂದಿತು. ಒಳ್ಳೆಯ ಕೆಲಸ. ಆದರೆ ಆಸ್ಪತ್ರೆಗೆ ಬರುವ ಮುಂಚಿನ ಆ ಅರ್ಧ ಗಂಟೆ ಮನೆಯವರ ಕೈಯಲ್ಲೇ ಇರುತ್ತದೆ ಅಲ್ವಾ.

ಮಕ್ಕಳಿಗೆ ಯಾಕೆ ಇದೆಲ್ಲ, ದೊಡ್ಡವರು ಇರುತ್ತಾರಲ್ಲ ಅನ್ನುವವರಿಗೆ ಜಪಾನಿನ ಎರಡು ಊರಿನ ವಿಷಯ ಹೇಳಬೇಕು. 2011ರ ಮಾರ್ಚ್ 11ರ ಸುನಾಮಿ. ಕಮಾಯಿಶಿ ಊರಲ್ಲಿ ಮಕ್ಕಳಿಗೆ ವರ್ಷಗಳಿಂದ ಅಭ್ಯಾಸ ಮಾಡಿಸಿದ್ದರು. ಭೂಮಿ ನಡುಗಿದ ತಕ್ಷಣ ಹೈಸ್ಕೂಲಿನ ಮಕ್ಕಳು ಓಡಿದರು. ಅವರನ್ನು ನೋಡಿ ಪಕ್ಕದ ಪ್ರೈಮರಿ ಶಾಲೆಯ ಮಕ್ಕಳೂ ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲೇ ಗೊತ್ತು ಮಾಡಿದ್ದ ಜಾಗವೂ ಅಪಾಯ ಅನ್ನಿಸಿದಾಗ ಇನ್ನೂ ಎತ್ತರಕ್ಕೆ ಹತ್ತಿದರು, ಉಳಿದರು. ಅದೇ ದಿನ ಒಕಾವಾ ಶಾಲೆಯಲ್ಲಿ ಎಲ್ಲಿಗೆ ಹೋಗೋದು ಅಂತ ದೊಡ್ಡವರು ತೀರ್ಮಾನ ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ದಾಟಿತು. ಮಕ್ಕಳು ಆಟದ ಮೈದಾನದಲ್ಲೇ ಕಾದರು. ಶಾಲೆಯ ಹಿಂದೆಯೇ ಗುಡ್ಡ ಇತ್ತು. 74 ಮಕ್ಕಳು ಹೋದರು. ನನ್ನ ಮಗಳ ಶಾಲೆಯ ಅಂಗಳ ನೋಡಿದಾಗ ಈ 74 ನೆನಪಾಗುತ್ತದೆ.

ಮೇಷ್ಟ್ರುಗಳ ತಲೆಗೆ ಇನ್ನೊಂದು ಹೊರೆ ಹಾಕಿ ಅಂತ ನಾನು ಹೇಳಲ್ಲ. ಮೊಟ್ಟೆ ಹಂಚೋದರಿಂದ ಸಮೀಕ್ಷೆವರೆಗೆ ಎಲ್ಲಾ ಅವರೇ ಮಾಡುತ್ತಿದ್ದಾರೆ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆಯಲ್ಲ, ಅದರಲ್ಲಿ ಎರಡು ಗಂಟೆ ಸಾಕು. ಆರೋಗ್ಯ ಕೇಂದ್ರದ ನರ್ಸನ್ನು, ಫೈರ್ ಸ್ಟೇಷನ್ನಿನವರನ್ನು ಕರೆದರೆ ಬರುತ್ತಾರೆ. ಹೋದ ವರ್ಷ ನಮ್ಮೂರ ಶಾಲೆಯಲ್ಲಿ ಎಸ್‌ಡಿಎಂಸಿಯಿಂದ, ಅಂದರೆ ಹೆತ್ತವರು ಇರುವ ಶಾಲಾ ಸಮಿತಿಯಿಂದ, ಹೀಗೆ ಒಂದು ದಿನ ಮಾಡಿದೆವು. ಮೈದಾನದಲ್ಲಿ ಸುಣ್ಣದಲ್ಲಿ ಹೊಂಡ ಬರೆದು ಒಬ್ಬನನ್ನು ಒಳಗೆ ನಿಲ್ಲಿಸಿದೆವು. ಐದನೇ ಕ್ಲಾಸಿನ ಒಂದು ಹುಡುಗಿ ಎಸೆದ ಹಗ್ಗ ಎರಡು ಸಲ ಅರ್ಧಕ್ಕೇ ಬಿತ್ತು. ಮೂರನೇ ಸಲ ಅವಳೇ ಕ್ಯಾನಿಗೆ ಸ್ವಲ್ಪ ನೀರು ಹಾಕಿ ಭಾರ ಮಾಡಿಕೊಂಡು, ಹಗ್ಗ ಕಟ್ಟಿ ಎಸೆದಳು. ಸೀದಾ ಹೋಗಿ ಅವನ ಕಾಲ ಬಳಿ ಬಿತ್ತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಂದಿದ್ದ ಫೈರ್‌ನವರು 'ಇನ್ನೊಂದು ಸಲ ಎಸಿ ಪುಟ್ಟಾ, ಎಲ್ಲರೂ ನೋಡಲಿ' ಅಂದರು.

ನಿಮ್ಮೂರಲ್ಲಿ ಮುಂದಿನ ಎಸ್‌ಡಿಎಂಸಿ ಸಭೆ ಯಾವಾಗ ಅಂತ ಕೇಳಿ. ಒಂದು ಹಗ್ಗ, ಒಂದು ಖಾಲಿ ಕ್ಯಾನ್ ತೆಗೆದುಕೊಂಡೇ ಹೋಗಿ.