ರೌಂಡ್ ಫಿಗರ್ ಮಹಾಶಯ

ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಸಿಲಿಂಡರ್ ಹೆಡ್ ಬದಲಾಯಿಸುತ್ತೇನೆ ಅಂತ ಒಮ್ಮೆ ಬಾಯಿಬಿಟ್ಟು ನೋಡಿ. ಸ್ಪ್ಯಾನರ್ ಮುಟ್ಟದವರೂ "ಕಂಪ್ರೆಷನ್ ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ಕೇಳಲಿ, ಬೇಡ ಅನ್ನಲ್ಲ. ಆದರೆ ಉತ್ತರ ಬರುವವರೆಗಾದರೂ ನಿಲ್ಲಬೇಕಲ್ವಾ? "ಇನ್ನೂ ಲೆಕ್ಕ ಹಾಕ್ತಿದ್ದೀನಿ" ಅಂದರೆ, "ಅದಕ್ಕೆಂಥ ಲೆಕ್ಕ, ಸುಮ್ನೆ ಕೂರಿಸಿ ಬೋಲ್ಟ್ ಬಿಗಿ ಮಾಡು, ಓಡುತ್ತೆ" ಅಂದು ಹೊರಟೇಬಿಡುತ್ತಾರೆ.

ಓಡುತ್ತೆ, ನಿಜ. ಎಷ್ಟು ದಿನ ಅನ್ನೋದು ಬೇರೆ ಮಾತು. ಕಂಪ್ರೆಷನ್ ರೇಷಿಯೋ, ಅಂದರೆ ಪಿಸ್ಟನ್ ಪೆಟ್ರೋಲು-ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನೋದು, ಜಾಸ್ತಿಯಾದರೆ ಏರು ಹತ್ತುವಾಗ ಎಂಜಿನ್ ಒಳಗಿಂದ ಕಟಕಟ ಶುರುವಾಗುತ್ತದೆ. ಪ್ಲಗ್ ಹಚ್ಚಿದ ಬೆಂಕಿ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲು-ಗಾಳಿ ತಾನಾಗಿ ಹೊತ್ತಿಕೊಂಡ ಸದ್ದು ಅದು. ಕೇಳಿಸಿದರೂ ಕೇಳಿಸದ ಹಾಗೆ ಓಡಿಸುತ್ತಿದ್ದರೆ ಪಿಸ್ಟನ್ನೇ ತೂತು ಬೀಳಬಹುದು. ಕಡಿಮೆಯಾಯಿತೋ, ಎಂಜಿನ್ನಿಗೆ ಸೋಮಾರಿತನ.

ಸೂತ್ರ ಕೇಳಿದರೆ ನಗು ಬರಬೇಕು. ಪಿಸ್ಟನ್ ತೀರಾ ಕೆಳಗಿದ್ದಾಗ ಅದರ ಮೇಲೆ ಇರುವ ಒಟ್ಟು ಜಾಗ. ಪಿಸ್ಟನ್ ತೀರಾ ಮೇಲೆ ಬಂದಾಗ ಉಳಿಯುವ ಜಾಗ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಮುಗೀತು. ತಕರಾರೆಲ್ಲ ಇರೋದು ಆ "ಉಳಿಯುವ ಜಾಗ"ದಲ್ಲಿ. ಹೆಡ್‌ನ ಚೇಂಬರ್ ಅನ್ನುವ ಗುಂಡಿ, ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್‌ನ ದಪ್ಪ, ಸಿಲಿಂಡರುಗಳಿರುವ ಆ ಬ್ಲಾಕ್‌ನ ಮೇಲ್ಮೈಗಿಂತ ಪಿಸ್ಟನ್ ಎಷ್ಟು ಕೆಳಗೆ ನಿಂತಿದೆಯೋ ಆ ಸಂದು, ಪಿಸ್ಟನ್ ತಲೆಯಲ್ಲಿರುವ ಗುಳಿ, ಎಲ್ಲವನ್ನೂ ಕೂಡಿಸಬೇಕು. ತಲೆ ಉಬ್ಬಿದ್ದರೆ ಕಳೆಯಬೇಕು. ನನ್ನ ಎಂಜಿನ್ನಿನದು ಪುಣ್ಯಕ್ಕೆ ಚಪ್ಪಟೆ ತಲೆ.

ಈ ಲೆಕ್ಕದ ಮಧ್ಯೆ ಮೂಗು ತೂರಿಸಲು ನನಗೊಬ್ಬ ಗೆಳೆಯನಿದ್ದಾನೆ. ಒಳ್ಳೆಯವನೇ. ಆದರೆ ಅವನಿಗೆ ದಶಾಂಶ ಬಿಂದು ಕಂಡರೆ ಆಗುವುದಿಲ್ಲ. ಯಾವ ಅಂಕಿ ಕೊಟ್ಟರೂ ರೌಂಡ್ ಫಿಗರ್ ಮಾಡಿಯೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಹತ್ತಕ್ಕೆ ಬರ್ತೀನಿ ಅಂದವನು ಹನ್ನೊಂದು ಮುಕ್ಕಾಲಿಗೆ ಬಂದು, "ಬೆಳಿಗ್ಗೆ ತಾನೇ ಬಂದೆ" ಅನ್ನುತ್ತಾನೆ. ಕೊಟ್ಟ ಸಾಲ ವಾಪಸ್ ಕೇಳುವಾಗ ಮಾತ್ರ ಚಿಲ್ಲರೆ ಸಮೇತ ನೆನಪಿರುತ್ತದೆ.

ಚೇಂಬರ್ ಅಳೆಯುವ ದಿನವೂ ಬಂದ. ಹೆಡ್ ಮಗುಚಿ ಇಟ್ಟಿದ್ದೆ. ವಾಲ್ವುಗಳು, ಸ್ಪಾರ್ಕ್ ಪ್ಲಗ್ ಎಲ್ಲ ಜಾಗದಲ್ಲೇ. ಚೇಂಬರ್ ಸುತ್ತ ತೆಳ್ಳಗೆ ಗ್ರೀಸ್ ಸವರಿ, ಮೇಲೆ ತೂತಿರುವ ಅಕ್ರಿಲಿಕ್ ಹಲಗೆ ಒತ್ತಿ ಕೂರಿಸಿದ್ದೆ. ಬ್ಯೂರೆಟ್‌ ಅನ್ನುವ ಅಳತೆ ಕೊಳವೆಯಲ್ಲಿ ಬಣ್ಣದ ನೀರು. ಅದನ್ನು ಹನಿಹನಿಯಾಗಿ ಬಿಡುತ್ತಾ ಹೋಗಬೇಕು. ಚೇಂಬರ್ ತುಂಬಿ ತೂತಿನ ಅಂಚಿಗೆ ನೀರು ಬಂದಾಗ ಬ್ಯೂರೆಟ್‌ನಲ್ಲಿ ಎಷ್ಟು ಇಳಿದಿದೆಯೋ ಅದೇ ಉತ್ತರ. ಆದರೆ ಕೊನೆಯಲ್ಲಿ ಒಂದು ಗಾಳಿಗುಳ್ಳೆ ಉಳಿಯುತ್ತದೆ. ಉಳಿದೇ ಉಳಿಯುತ್ತದೆ. ಹೆಡ್ ಅನ್ನು ಓರೆ ಮಾಡಿದರೆ ತೂತಿನವರೆಗೆ ಬರುತ್ತದೆ, ಬಾಗಿಲಲ್ಲಿ ನಿಂತು ಇನ್ನೂ ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ ಅಲ್ಲೇ ನಿಂತುಬಿಡುತ್ತದೆ. ಬೆರಳಿಂದ ಹಲಗೆ ತಟ್ಟುತ್ತಾ, ಉಸಿರು ಬಿಗಿಹಿಡಿದು ಅದನ್ನು ಸಾಗಹಾಕುತ್ತಿದ್ದೆ.

"ಎಷ್ಟು ಬಂತು?" ಅಂದ.

"ಮೂವತ್ತಾರು ಸಿಸಿ."

"ಮೂವತ್ತೈದು ಅಂತ ಹಿಡಿ."

"ಯಾಕೆ ಹಿಡೀಬೇಕು? ಮೂವತ್ತಾರೇ ಇದೆಯಲ್ಲ."

"ಒಂದು ಸಿಸಿಯಲ್ಲಿ ಏನಿದೆಯೋ?" ಅಂದವನೇ ಕೈಯಲ್ಲಿದ್ದ ಪೆನ್ನು ಕಿತ್ತುಕೊಂಡ. ಬೋರ್ (ಸಿಲಿಂಡರಿನ ಒಳ ಅಗಲ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ) 80 ಮಿ.ಮೀ. ಅಂದರೆ ಒಂದು ಸಿಲಿಂಡರಿಗೆ 402 ಸಿಸಿ. ಅವನ ಕೈಯಲ್ಲಿ ಅದು ನಾನೂರಾಯಿತು. ಗ್ಯಾಸ್ಕೆಟ್? "ಅದು ಕಾಗದ ಕಣೋ, ಬಿಡು." ಪಿಸ್ಟನ್ ಮೇಲಿನ ಸಂದು? "ಕಣ್ಣಿಗೇ ಕಾಣಲ್ಲ." ನಾನೂರನ್ನು ಮೂವತ್ತೈದರಿಂದ ಭಾಗಿಸಿದ. "ಹನ್ನೊಂದು ಚಿಲ್ಲರೆ. ಹನ್ನೆರಡು ಅಂತ ಹಿಡಿ. ಏ, ಈ ಪೆಟ್ರೋಲಿಗೆ ನಡೆಯಲ್ಲ ಇದು, ಹೆಡ್ ಮಾರಿಬಿಡು!"

ನನಗೆ ಉರಿದುಹೋಯಿತು. ಕಾಗದ ಅಂದನಲ್ಲ, ಆ ಗ್ಯಾಸ್ಕೆಟ್ ಬಿಗಿಯಾದ ಮೇಲೆ 1.2 ಮಿ.ಮೀ. ದಪ್ಪ. ಅದೂ ಪೊಟ್ಟಣದ ಮೇಲೆ ಬರೆದಿರಲಿಲ್ಲ. ಎಂಜಿನ್ನಿಂದ ಬಿಚ್ಚಿದ ಅದೇ ಜಾತಿಯ ಹಳೆ ಗ್ಯಾಸ್ಕೆಟ್ಟಿಗೆ ಮೈಕ್ರೋಮೀಟರ್ ಹಿಡಿದು ತಿಳಿದುಕೊಂಡದ್ದು. ಅದರ ತೂತು ಬೋರ್‌ಗಿಂತ ದೊಡ್ಡದು, 82 ಮಿ.ಮೀ. ಅದೊಂದರಲ್ಲೇ 6.3 ಸಿಸಿ ಇದೆ. ಕಣ್ಣಿಗೆ ಕಾಣದ ಸಂದು 0.4 ಮಿ.ಮೀ., ಅದು 2 ಸಿಸಿ. ಪಿಸ್ಟನ್ ತನ್ನ ಪಿನ್ನಿನ ಮೇಲೆ ಆಚೀಚೆ ವಾಲಾಡುತ್ತದಲ್ಲ, ಅದಕ್ಕೇ ಡಯಲ್ ಗೇಜನ್ನು ಸರಿಯಾಗಿ ಪಿನ್ನಿನ ನೇರಕ್ಕೆ ಇಟ್ಟು ಅಳೆದಿದ್ದೆ. 36, 6.3, 2: ಒಟ್ಟು 44.3. ಅದಕ್ಕೆ 402 ಸೇರಿಸಿದರೆ 446.3. ಭಾಗಿಸಿದರೆ 10ಕ್ಕೆ ಸ್ವಲ್ಪ ಮೇಲೆ, 10.07. ಹಳೆ ಹೆಡ್‌ನ ಚೇಂಬರ್ 42 ಸಿಸಿ ಇತ್ತು, ಆಗ ಇದ್ದದ್ದು 9. ಹನ್ನೆರಡೆಲ್ಲಿ, ಹತ್ತೆಲ್ಲಿ!

ಒಂದು ಸಿಸಿಯಲ್ಲಿ ಏನಿದೆ ಅಂತ ಕೇಳಿದನಲ್ಲ. 402ರಲ್ಲಿ ಒಂದು ಹೋದರೆ ಏನೂ ಇಲ್ಲ. 44ರಲ್ಲಿ ಒಂದು ಹೋದರೆ ರೇಷಿಯೋ 0.2ರಷ್ಟು ಏರುತ್ತದೆ. ಇದನ್ನು ಅವನಿಗೆ ಎಳೆಎಳೆಯಾಗಿ ಬಿಡಿಸಿ ಹೇಳಿದೆ. ಕೇಳುತ್ತಾ ಗಾಳಿಗುಳ್ಳೆಯನ್ನು ಬೆರಳಿಂದ ಚುಚ್ಚುತ್ತಿದ್ದ.

ಆಮೇಲೆ ಪರಿಹಾರವನ್ನೂ ಕೊಟ್ಟ. "ದಪ್ಪ ಗ್ಯಾಸ್ಕೆಟ್ ಹಾಕು, ತಾನಾಗಿ ಇಳಿಯುತ್ತೆ." ಇಳಿಯುತ್ತದೆ, ಸರಿ. 1.8 ಮಿ.ಮೀ.ನದು ಹಾಕಿದರೆ ಒಂಬತ್ತೂವರೆ ಆಸುಪಾಸಿಗೆ ಬರುತ್ತದೆ. ಆದರೆ ಪಿಸ್ಟನ್ನಿಗೂ ಹೆಡ್‌ನ ಚಪ್ಪಟೆ ಭಾಗಕ್ಕೂ ನಡುವಿನ ಅಂತರ 2.2 ಮಿ.ಮೀ. ಆಗುತ್ತದೆ. ಅದು 1 ಮಿ.ಮೀ. ಆಸುಪಾಸು ಇದ್ದರೆ ಮೂಲೆಯ ಪೆಟ್ರೋಲು-ಗಾಳಿ ಹಿಂಡಿಕೊಂಡು ನಡುವಿಗೆ ನುಗ್ಗಿ ಚೆನ್ನಾಗಿ ಉರಿಯುತ್ತದೆ. ಅಗಲವಾದರೆ ಮೂಲೆಯಲ್ಲೇ ಉಳಿದು, ಯಾವ ಕಟಕಟ ತಪ್ಪಿಸಲು ಹೊರಟೆವೋ ಅದನ್ನೇ ಕರೆತರುತ್ತದೆ. ಚೇಂಬರ್ ಒಳಗೆ ಕೆರೆದು ಜಾಗ ಮಾಡಬಹುದು. ನಾಲ್ಕೂ ಚೇಂಬರನ್ನು ಒಂದೇ ಸಮ ಕೆರೆಯುವ ತಾಳ್ಮೆ ನನಗಿಲ್ಲ.

ಇದರ ನಡುವೆ ಹಳೆ ಹೆಡ್ ಒರೆಸುವಾಗ ವಾಲ್ವುಗಳ ತಲೆಯ ಮೇಲೆ ಪಂಚ್‌ನಿಂದ ಹೊಡೆದ ಪುಟ್ಟ ಚುಕ್ಕೆಗಳು ಕಂಡವು. ಮೊದಲ ಸಿಲಿಂಡರಿನ ವಾಲ್ವಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ. ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲಿ ಅಂತ ಯಾರೋ ಗುರುತು ಮಾಡಿದ್ದರು. ನಾಲ್ಕನೆಯದರ ಚುಕ್ಕೆಗಳು ಮಸಿಯಡಿ ಸವೆದಿದ್ದರೂ ಸಾಲು ಮಾತ್ರ ನೇರವಾಗಿತ್ತು. ಯಾರೋ, ಯಾವಾಗಲೋ. ಅವರಿಗೂ ಪಕ್ಕದಲ್ಲಿ ನಿಂತು "ಯಾವುದಾದರೇನು, ಹಾಕು" ಅಂದವರು ಇದ್ದಿರಬಹುದು. ಮಾತಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೊನೆಗೆ ಹತ್ತಕ್ಕೇ ಒಪ್ಪಿಕೊಂಡು, ಮೊದಲಿನ ದಪ್ಪದ ಗ್ಯಾಸ್ಕೆಟ್ಟನ್ನೇ ಹಾಕಿದೆ. ಇಗ್ನಿಷನ್ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಸರಿಸಿದೆ, ಅಂದರೆ ಪ್ಲಗ್ ಕಿಡಿ ಹಚ್ಚುವುದನ್ನು ತುಸು ತಡಮಾಡಿದೆ. ಈಗ ಏರಿನಲ್ಲೂ ಕಟಕಟ ಇಲ್ಲ. ಆದರೆ ನಮ್ಮ ಮಹಾಶಯ ಕಂಡಕಂಡವರಿಗೆಲ್ಲ "ಅವನ ಎಂಜಿನ್ನು ಕರೆಕ್ಟಾಗಿ ಹತ್ತು, ನಾವಿಬ್ಬರೇ ಕೂತು ಲೆಕ್ಕ ಹಾಕಿದ್ವಿ" ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ.

"10.07" ಅಂತ ತಿದ್ದಿದೆ.

"ಅದನ್ನೇ ಅಲ್ವಾ ನಾನೂ ಹೇಳಿದ್ದು" ಅಂದ.