"ಮಗಳಿದ್ದಾಳಲ್ಲ" ಅನ್ನೋದು ಪ್ಲಾನ್ ಅಲ್ಲ

ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರು ನಾಲ್ಕು ಜನ ಸೇರಿದರೆ ಥೆರಪಿ, ಶಾಲೆ, ಡಾಕ್ಟರು ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಒಂದೇ ಕಡೆ: ನಾವು ಹೋದ ಮೇಲೆ ಇವನ ಗತಿ ಏನು? ಆಗ ಯಾರಾದರೂ ಸಮಾಧಾನ ಹೇಳುತ್ತಾರೆ, "ನಿಮಗೇನ್ರೀ ಯೋಚನೆ, ಮಗಳಿದ್ದಾಳಲ್ಲ." ಆ ಮಗಳನ್ನು ಯಾರೂ ಕೇಳಿರುವುದಿಲ್ಲ. ಕೇಳಿದ್ದರೂ "ತಮ್ಮನ್ನ ನೋಡ್ಕೊಳ್ತೀಯ ತಾನೇ?" ಅಂತ ಕೇಳಿರುತ್ತಾರೆ. ಇದಕ್ಕೆ "ಹೂಂ" ಬಿಟ್ಟು ಬೇರೆ ಉತ್ತರ ಕೊಡುವ ಧೈರ್ಯ ಯಾರಿಗಿದೆ?

ನಾನೂ ಅಂಥ ಮಗಳೇ. ತಮ್ಮನಿಗೆ ಮೂವತ್ತು ದಾಟಿದೆ, ಮಾತು ಬಹಳ ಕಡಿಮೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಅಪ್ಪ ಅಮ್ಮನ ಕೈಕಾಲು ಗಟ್ಟಿ ಇರುವಾಗಲೇ ಮನೆಮಂದಿಯೆಲ್ಲ ಕೂತು ಮಾತಾಡಬೇಕು. "ನನ್ನಿಂದ ಇಷ್ಟಾಗುತ್ತೆ, ಇಷ್ಟಾಗಲ್ಲ" ಅನ್ನಲು ಒಡಹುಟ್ಟಿದವರಿಗೆ ಅವಕಾಶ ಇರಬೇಕು. ಹಾಗೆ ಅಂದವರನ್ನು ಕಲ್ಲುಮನಸ್ಸಿನವರು ಅನ್ನಬಾರದು. "ಆಗಲ್ಲ" ಅಂತ ಇವತ್ತೇ ಬಾಯಿಬಿಟ್ಟು ಹೇಳಿದವರಿಂದ ತೊಂದರೆಯಿಲ್ಲ, ಬೇರೆ ದಾರಿ ನೋಡಲು ಟೈಮ್ ಸಿಗುತ್ತದೆ. ಎಲ್ಲದಕ್ಕೂ ತಲೆಯಾಡಿಸಿ ಆಮೇಲೆ ಫೋನ್ ಎತ್ತದವರದ್ದೇ ಕಷ್ಟ.

ಇನ್ನೊಂದು ವಿಷಯ. ನೋಡಿಕೊಳ್ಳುವುದನ್ನು ಇಡಿಯಾಗಿ ಒಬ್ಬರ ತಲೆಗೆ ಕಟ್ಟುವುದೇಕೆ? ಹಣದ ಲೆಕ್ಕ ಇಡುವವರು ಒಬ್ಬರಿರಲಿ, ಆಸ್ಪತ್ರೆಗೆ ಜೊತೆ ಹೋಗುವವರು ಇನ್ನೊಬ್ಬರು. ಅವನು ಯಾರ ಜೊತೆ ಇರುತ್ತಾನೆ ಅನ್ನುವುದು ಬೇರೆಯೇ ವಿಷಯ. ದೂರದ ಊರಲ್ಲಿರುವ ಅಣ್ಣನಿಗೆ ದಿನಾ ಬಂದು ಹೋಗಲು ಆಗದು, ಆದರೆ ಬ್ಯಾಂಕ್ ಕೆಲಸ, ಕಾಗದಪತ್ರ ನವೀಕರಣ ಎಲ್ಲ ಅಲ್ಲಿಂದಲೇ ಮಾಡಬಲ್ಲ. ನಮ್ಮಲ್ಲಿ ಹಾಗೇ ಹಂಚಿಕೊಂಡಿದ್ದೇವೆ. ಹೊಣೆ ಸಮಪಾಲಾಗಿದೆಯಾ ಅಂತ ಕೇಳಿದರೆ, ಇಲ್ಲ. ಹೆಚ್ಚಿನ ಪಾಲು ನನ್ನದೇ. ಆದರೆ ಅದು ಎಷ್ಟು ಅಂತ ಗೊತ್ತಿದ್ದು ಒಪ್ಪಿಕೊಂಡದ್ದು.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಅದನ್ನು ವಕೀಲರನ್ನೇ ಕೇಳಬೇಕು. ಆಸ್ತಿಯನ್ನು "ಅವಳು ತಮ್ಮನಿಗಾಗಿ ಇಟ್ಟುಕೊಳ್ಳುತ್ತಾಳೆ" ಅಂತ ಮಗಳ ಹೆಸರಿಗೇ ಬರೆದುಬಿಡುವವರಿಗೆ ನನ್ನದೊಂದು ಮಾತು. ನಾಳೆ ನನಗೆ ಸಾಲವಾದರೆ, ಡೈವೋರ್ಸ್ ಆದರೆ, ನಾನೇ ಇಲ್ಲವಾದರೆ ಆ ದುಡ್ಡು ಅವನದ್ದು ಅನ್ನುವುದಕ್ಕೆ ಏನು ದಾಖಲೆ ಇದೆ? ನಂಬಿಕೆ ನನ್ನ ಮೇಲಿರಲಿ, ದುಡ್ಡು ಅವನಿಗೆಂದೇ ಮಾಡಿದ ಟ್ರಸ್ಟಿನಲ್ಲಿರಲಿ.

ಎಲ್ಲದಕ್ಕಿಂತ ದೊಡ್ಡ ಆಸ್ತಿ ಅಮ್ಮನ ತಲೆಯೊಳಗಿತ್ತು. ಅದನ್ನು ಹೊರಗೆ ತೆಗೆಯಲು ನಾನೊಂದು ನೋಟ್‌ಬುಕ್ ಇಟ್ಟೆ. ಅಮ್ಮ ಕೆಲಸ ಮಾಡುತ್ತಾ ಹೇಳುವುದು, ನಾನು ಬರೆದುಕೊಳ್ಳುವುದು. ಅಂಗೈಯಿಂದ ದವಡೆ ಒತ್ತಿಕೊಂಡರೆ ಹಲ್ಲುನೋವು. ಕಿವಿ ನೋವಿಗೆ ಒಂದೇ ಸ್ವರದಲ್ಲಿ ಗುನುಗುತ್ತಾನೆ. "ಏನಾಯ್ತು?" ಅಂತ ಕೇಳಿದರೆ ಗಾಬರಿ ಜಾಸ್ತಿ, "ತೋರಿಸು" ಅನ್ನಬೇಕು. ಟೂತ್‌ಪೇಸ್ಟ್ ಬದಲಾದರೆ ಹಲ್ಲುಜ್ಜುವುದೇ ನಿಂತುಹೋಗುತ್ತದೆ. ರಕ್ತ ಪರೀಕ್ಷೆಗೆ ಹಿಂದಿನ ದಿನವೇ ಫೋಟೋ ತೋರಿಸಿ ಹೇಳಿರಬೇಕು. ಫಿಟ್ಸ್ ಮಾತ್ರೆಯ ಹೆಸರು, ಡೋಸ್, ತಪ್ಪಿದರೆ ಏನು ಮಾಡಬೇಕು ಎಂಬುದು ಮೊದಲ ಪುಟದಲ್ಲೇ ಇದೆ, ಯಾಕೆಂದರೆ ಆಟಿಸಂ ಇರುವವರಲ್ಲಿ ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ, ಉಳಿದವರಿಗಿಂತ ಹೆಚ್ಚು. ಇದೆಲ್ಲ ಗೊತ್ತಿಲ್ಲದವರ ಕೈಗೆ ಅವನನ್ನು ಕೊಟ್ಟರೆ ಹಲ್ಲುನೋವನ್ನು "ಹಠ" ಅಂತ ಬರೆದು ನಿದ್ದೆಮಾತ್ರೆ ಕೊಡುತ್ತಾರೆ.

ಮನೆಮಂದಿ ಕೂತು ಆಡುವ ಈ ಮಾತುಕತೆಯಲ್ಲಿ ತಮ್ಮನೂ ಇರಬೇಕು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇದನ್ನೇ ಹೇಳುತ್ತದೆ. ಕಾನೂನಿನ ಮುಂದೆ ಅವರೂ ಎಲ್ಲರಂತೆ, ತೀರ್ಮಾನ ಮಾಡಲು ಅವರಿಗೆ ಬೇಕಾದ ನೆರವು ಕೊಡಿ ಅಂತ. "ಅವನಿಗೇನು ಅರ್ಥವಾಗುತ್ತೆ" ಅನ್ನುವವರು ನಮ್ಮ ಬಂಧುಗಳಲ್ಲೂ ಇದ್ದಾರೆ. ಮುಂದೆ ಅವನು ಇರಬಹುದಾದ ಎರಡು ಕೋಣೆಗಳ ಫೋಟೋ ಮುಂದಿಟ್ಟೆವು. ರಸ್ತೆ ಕಡೆ ಕಿಟಕಿ ಇದ್ದ ಕೋಣೆಯ ಫೋಟೋವನ್ನು ಮಗುಚಿ ಹಾಕಿ ಮೇಜಿನ ಆಚೆ ತುದಿಗೆ ತಳ್ಳಿದ. ಇದಕ್ಕಿಂತ ಸ್ಪಷ್ಟವಾಗಿ ಇನ್ಹೇಗೆ ಹೇಳಬೇಕು? ಆ ಕೋಣೆಯ ಮಾತು ಅಲ್ಲಿಗೆ ಮುಗಿಯಿತು.

ಈಗಲೇ ಯಾಕೆ, ಕಾಲ ಬಂದಾಗ ನೋಡೋಣ ಅನ್ನುತ್ತಾರಲ್ಲ, ಆ ಕಾಲ ಬರುವ ರೀತಿ ಯೋಚಿಸಿ. ಅಮ್ಮ ತೀರಿಕೊಂಡ ವಾರವೇ ಮನೆ ಬದಲು, ಮಲಗುವ ಜಾಗ ಬದಲು, ಎಬ್ಬಿಸುವ ದನಿ ಬದಲು. ಬದಲಾವಣೆಯೇ ಕಷ್ಟ ಅನ್ನುವ ಮನುಷ್ಯನಿಗೆ ಎಲ್ಲ ಒಂದೇ ಏಟಿಗೆ. ಅದಕ್ಕೇ ಅವನು ಈಗಿನಿಂದಲೇ ನಮ್ಮನೆಗೆ ಬಂದು ಉಳಿದು ಹೋಗುತ್ತಾನೆ. ಅಮ್ಮನಿಗೆ ಅಷ್ಟು ಹೊತ್ತು ನಿದ್ದೆ ಸಿಗುತ್ತದೆ, ಅದೂ ಸಣ್ಣ ಲಾಭವೇನಲ್ಲ.

ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಬಗ್ಗೆ ಬರೆದ ಪ್ರಬಂಧದಲ್ಲಿ 11 ಮಕ್ಕಳಿದ್ದರು. ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಆತ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿಗೆ ತೀರಿಕೊಂಡರು. ಅನುಕೂಲಸ್ಥ ಮನೆತನ, ಪರಿಚಯದ ಪುಟ್ಟ ಊರು, ಎಲ್ಲ ಕೂಡಿಬಂದಿತ್ತು ನಿಜ. ನನಗೆ ಕಂಡದ್ದು ಬೇರೆ: ಅಪ್ಪ ಅಮ್ಮ ಹೋದ ಮೇಲೂ ದಶಕಗಟ್ಟಲೆ ಬದುಕು ಇತ್ತು. ಅಷ್ಟು ಹೊತ್ತಿಗೆ ಒಡಹುಟ್ಟಿದವರಿಗೂ ಮಂಡಿನೋವು ಬಂದಿರುತ್ತದೆ. ಹಾಗಾಗಿ ನನ್ನ ಹೆಸರೊಂದನ್ನೇ ಬರೆದಿಟ್ಟರೆ ಸಾಲದು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1989ರಲ್ಲಿ ಅಪ್ಪ ಅಮ್ಮಂದಿರೇ ಸೇರಿ ಪ್ಲ್ಯಾನ್ಡ್ ಲೈಫ್‌ಟೈಮ್ ಅಡ್ವೊಕಸಿ ನೆಟ್‌ವರ್ಕ್ ಅಂತ ಶುರು ಮಾಡಿದರು. ಒಬ್ಬೊಬ್ಬರ ಸುತ್ತ ಗೆಳೆಯರು, ಬಂಧುಗಳ ಒಂದು ಬಳಗ ಕಟ್ಟುವುದು ಅವರ ಕೆಲಸ. ನಮ್ಮದು ಅಷ್ಟು ದೊಡ್ಡದಲ್ಲ. ತಮ್ಮನ ಜೊತೆ ವಾಕಿಂಗ್ ಹೋಗುವ ಚಿಕ್ಕಮ್ಮನ ಮಗನನ್ನು ನನ್ನ ನಂತರದ ಹೆಸರಾಗಿ ಹಾಕಬಹುದಾ ಅಂತ ಕೇಳಿದ್ದೇನೆ. ಅವನು ಹೂಂ ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಮೊದಲು ಹೆಂಡತಿ ಹತ್ತಿರ ಮಾತಾಡಬೇಕು, ನೋಟ್‌ಬುಕ್ ಕೊಡಕ್ಕಾ ಅಂತ ಇಸಕೊಂಡು ಹೋಗಿದ್ದಾನೆ.