ಹಿಮದ ಯಂತ್ರಕ್ಕೂ ಚಳಿ ಬೇಕು

ಹಿಮ ಬೀಳದೆ ಹೋಟೆಲುಗಳಿಗೆ ಆಗುವ ನಷ್ಟದ ಬಗ್ಗೆ ಬರೆದ ಲೇಖನವೊಂದನ್ನು ಓದಿದೆ. ಹಿಮ ಬೀಳದಿದ್ದರೆ ಸ್ಕೀಯಿಂಗ್ (ಹಿಮದ ಮೇಲೆ ಜಾರುವ ಆಟ) ತಾಣಗಳು ಹಿಮ ತಯಾರಿಸುವ ಯಂತ್ರ ತಂದರಾಯಿತು ಎಂಬ ಧಾಟಿಯಲ್ಲಿ ಅದು ಮುಗಿದಿದೆ. ಅಷ್ಟು ಸುಲಭವಲ್ಲ. ಯಂತ್ರ ಚಿಮ್ಮಿಸುವ ನೀರಿನ ಹನಿಗಳು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಬೇಕು. ಅದಕ್ಕೆ ಗಾಳಿ ಕೊರೆಯುವಷ್ಟು ತಣ್ಣಗಿರಬೇಕು, ತೇವವೂ ಕಡಿಮೆ ಇರಬೇಕು. ಉತ್ತರಾಖಂಡದ ಔಲಿಗೆ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಇಂಥ ಯಂತ್ರಗಳು ಬಂದವು. ಆದರೂ ಮುಂದೆ ಹಿಮ ಸಾಲದೆ ಅಲ್ಲಿ ಸ್ಪರ್ಧೆಗಳು ರದ್ದಾಗಿವೆ.

ನನಗೆ ಹೆಚ್ಚು ಹಿಡಿಸಿದ್ದು ಸ್ವಿಟ್ಜರ್ಲೆಂಡಿನ ದಾವೋಸ್‌ನವರ ಉಪಾಯ. ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಸುಮಾರು 40 ಸೆಂಟಿಮೀಟರ್ ದಪ್ಪಕ್ಕೆ ಮರದ ಹೊಟ್ಟು ಹೊದಿಸಿ ಬೇಸಿಗೆ ದಾಟಿಸುತ್ತಾರೆ. ಬಹುಪಾಲು ಹಿಮ ಕರಗದೆ ಉಳಿಯುತ್ತದೆ, ಶರತ್ಕಾಲದಲ್ಲಿ ಅದನ್ನೇ ಹರಡಿ ಸ್ಕೀಯಿಂಗ್ ದಾರಿ ಮಾಡುತ್ತಾರೆ. ನಮ್ಮ ಊರಿನ ಮಂಜುಗಡ್ಡೆ ಅಂಗಡಿಯವರು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ!

2024ರ ಜನವರಿಯಲ್ಲಿ ಕಾಶ್ಮೀರದ ಸ್ಕೀಯಿಂಗ್ ತಾಣ ಗುಲ್ಮಾರ್ಗ್‌ಗೆ ಹೋಗಿದ್ದೆ. ಇಳಿಜಾರಿನ ತುಂಬ ಒಣಗಿದ ಕಂದು ಹುಲ್ಲು. ಪ್ರವಾಸಿಗರನ್ನು ಕೂರಿಸಿ ಹಿಮದ ಮೇಲೆ ಎಳೆಯುವ ಮರದ ಹಲಗೆಬಂಡಿಯನ್ನು ಗೋಡೆಗೆ ಒರಗಿಸಿ ಒಬ್ಬ ಹಿರಿಯರು ಬಿಸಿಲಿನಲ್ಲಿ ಸುಮ್ಮನೆ ಕುಳಿತಿದ್ದರು. ಹಗ್ಗ ಮಾತ್ರ ಕೈಯಲ್ಲೇ ಇತ್ತು. ಹೋಟೆಲುಗಳ ನಷ್ಟದ ಬಗ್ಗೆ ಇಷ್ಟು ಬರೆದ ಲೇಖಕರು ಅಂಥವರ ದಿನಗೂಲಿಯ ಬಗ್ಗೆಯೂ ಒಂದು ಮಾತು ಬರೆಯಬೇಕಿತ್ತು.